ಮಲೆನಾಡಿನ ಓಟು ಪಹಣಿಯ ಹಿಂದೆ ನಡೆಯುತ್ತದೆ

ಶಿವಮೊಗ್ಗ ಜಿಲ್ಲೆಯಲ್ಲಿ ವಿಧಾನಸಭೆಗೆ ಏಳು ಕ್ಷೇತ್ರಗಳಿವೆ. 2008ರಲ್ಲಿ ಅವುಗಳಲ್ಲಿ ಐದು ಬಿಜೆಪಿಯ ಪಾಲಾದವು. 2013ರಲ್ಲಿ ಒಂದೂ ದಕ್ಕಲಿಲ್ಲ. 2018ರಲ್ಲಿ ಆರು ದಕ್ಕಿದವು, 2023ರಲ್ಲಿ ಮೂರು ಉಳಿದವು. ಇದೇ ಅವಧಿಯಲ್ಲಿ ಲೋಕಸಭೆಗೆ ಇದೇ ಜನ ಐದು ಬಾರಿ ಮತ ಹಾಕಿದ್ದಾರೆ. 2018ರ ಉಪಚುನಾವಣೆಯೂ ಸೇರಿ ಐದು ಬಾರಿಯೂ ಬಿಜೆಪಿಯೇ ಗೆದ್ದಿದೆ. ಒಂದು ಚುನಾವಣೆಯಲ್ಲಿ ಕಲ್ಲಿನಂತೆ ಕೂತ ಮತದಾರ ಇನ್ನೊಂದರಲ್ಲಿ ಹೀಗೇಕೆ ಹೊರಳಾಡುತ್ತಾನೆ?

ಟಿ.ವಿ. ಚರ್ಚೆಗಳಲ್ಲಿ ಇದಕ್ಕೆ ಎರಡು ಉತ್ತರಗಳು ತಯಾರಿರುತ್ತವೆ. ಒಬ್ಬರು ಇದನ್ನು ಸಮಾಜವಾದಿಗಳ ನೆಲ ಎನ್ನುತ್ತಾರೆ, ಇನ್ನೊಬ್ಬರು ಕೇಸರಿ ಕೋಟೆ ಎನ್ನುತ್ತಾರೆ. ಎರಡೂ ಪೂರ್ತಿ ಸುಳ್ಳಲ್ಲ, ಆದರೆ ಎರಡರಿಂದಲೂ ತೀರ್ಥಹಳ್ಳಿ, ಸಾಗರ, ಹೊಸನಗರ, ಸೊರಬದಂತಹ ಊರುಗಳ ಫಲಿತಾಂಶ ಅರ್ಥವಾಗುವುದಿಲ್ಲ. ಅರ್ಥವಾಗಬೇಕಾದರೆ ಬಾವುಟಗಳನ್ನು ಸ್ವಲ್ಪ ಹೊತ್ತು ಮಡಿಸಿಟ್ಟು ಪಹಣಿಯನ್ನು ಬಿಡಿಸಬೇಕು. ಜಮೀನು ಯಾರ ಹೆಸರಿನಲ್ಲಿದೆ, ಯಾವಾಗ ಬಂತು, ಇನ್ನೂ ಬಾರದಿದ್ದರೆ ಯಾವ ಕಚೇರಿಯಲ್ಲಿ ಕಡತ ನಿಂತಿದೆ ಎಂಬುದನ್ನು ನೋಡಬೇಕು. ಮಲೆನಾಡಿನ ರಾಜಕೀಯ ಒಲವು ಮೂರು ತಲೆಮಾರಿನಿಂದ ಈ ಕಾಗದದ ಹಿಂದೆಯೇ ನಡೆದಿದೆ.

ಮೊದಲ ತಲೆಮಾರಿನ ಕಥೆ ಸಾಗರ ತಾಲ್ಲೂಕಿನ ಕಾಗೋಡಿನದು. ಗೇಣಿ ಭತ್ತವನ್ನು ಅಳೆಯುವ ಕೊಳಗದ ಗಾತ್ರದ ಬಗ್ಗೆ ಒಕ್ಕಲುಗಳಿಗೂ ಒಡೆಯರಿಗೂ ತಕರಾರು ಬಂದು, 1951ರಲ್ಲಿ ಅದು ಸತ್ಯಾಗ್ರಹವಾಯಿತು. ಗೇಣಿ ಮಾಡುತ್ತಿದ್ದವರಲ್ಲಿ ಹೆಚ್ಚಿನವರು ದೀವರ ಸಮುದಾಯದವರು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘಟನೆಗೆ ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು. ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದರು. ಮರುವರ್ಷದ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ಗೆದ್ದರು. ಗೇಣಿದಾರನ ಮಟ್ಟಿಗೆ ಅದು ಸಿದ್ಧಾಂತಕ್ಕೆ ಹಾಕಿದ ಓಟಾಗಿತ್ತೇ? ಇರಬಹುದು. ಆದರೆ ಅದಕ್ಕಿಂತ ಮೊದಲು ಅದು ಕೊಳಗದ ವಿರುದ್ಧ ಹಾಕಿದ ಓಟು. ಅದೇ ಗೋಪಾಲಗೌಡರು 1957ರಲ್ಲಿ ಸೋತರು, ಮುಂದೆ 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಸಮಾಜವಾದಿಗಳ ನೆಲ ಎನ್ನುವವರು ನಡುವಿನ ಆ ಸೋಲನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಇದೇ ತೀರ್ಥಹಳ್ಳಿ ಕಡೆಯ ಕಡಿದಾಳ್ ಮಂಜಪ್ಪನವರು ಕಾಂಗ್ರೆಸ್ಸಿನಲ್ಲಿದ್ದುಕೊಂಡೇ ಗೇಣಿ ಶಾಸನದ ಕೆಲಸ ಮಾಡಿದರು, 1956ರಲ್ಲಿ ಸ್ವಲ್ಪ ಕಾಲ ಮುಖ್ಯಮಂತ್ರಿಯೂ ಆದರು ಎಂಬುದನ್ನೂ ಮರೆಯುತ್ತಾರೆ.

ಎರಡನೆಯ ತಿರುವು 1974ರ ಭೂ ಸುಧಾರಣಾ ತಿದ್ದುಪಡಿ ಕಾಯ್ದೆ. ಆ ವರ್ಷದ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯ ಮುಂದೆ ನಿಂತು ತನ್ನ ಸಾಗುವಳಿಯನ್ನು ಸಾಬೀತುಪಡಿಸಿದರೆ ಜಮೀನು ಅವನದಾಯಿತು. ಹಳ್ಳಿಯ ಬಾಯಲ್ಲಿ ಇದು ‘ಡಿಕ್ಲರೇಷನ್ ಹಾಕುವುದು’. ಸಾಬೀತುಪಡಿಸಲು ಗೇಣಿ ರಸೀದಿ ಬೇಕು. ರಸೀದಿ ಕೊಟ್ಟ ಒಡೆಯರು ಕಡಿಮೆ. ಆಗ ಪಕ್ಕದ ಗದ್ದೆಯವನು ಸಾಕ್ಷಿ ಹೇಳಬೇಕು. ಅವನು ಹೇಳಿದನೋ ಇಲ್ಲವೋ, ಒಡೆಯರ ಮನೆಯ ಹಂಗಿಗೆ ಬಿದ್ದು ಹಿಂದೆ ಸರಿದನೋ ಎಂಬುದು ಎರಡು ಮನೆಗಳ ನಡುವಿನ ಮುಂದಿನ ಐವತ್ತು ವರ್ಷದ ಸಂಬಂಧವನ್ನು ನಿರ್ಧರಿಸಿತು. ಇವತ್ತಿಗೂ ಮಲೆನಾಡಿನ ಎಷ್ಟೋ ಕಡೆ ಒಂದು ಮನೆ ಕಾಂಗ್ರೆಸ್ ಎಂದಾದರೆ ಎದುರು ಮನೆ ಬೇರೆ ಪಕ್ಷ ಆಗಲೇಬೇಕು ಎನ್ನುವ ಲೆಕ್ಕದ ಬೇರು ಆ ಸಾಕ್ಷಿಯಲ್ಲಿದೆ. ಮೊಮ್ಮಕ್ಕಳಿಗೆ ಕಾರಣ ಗೊತ್ತಿರುವುದಿಲ್ಲ, ಪಕ್ಷ ಮಾತ್ರ ಗೊತ್ತಿರುತ್ತದೆ.

ಜಮೀನು ಪಡೆದವರು ದೇವರಾಜ ಅರಸು ಮತ್ತು ಇಂದಿರಾ ಗಾಂಧಿಯವರ ಹೆಸರು ಹೇಳಿ ಬಹುಕಾಲ ಕಾಂಗ್ರೆಸ್ಸಿಗೆ ಮತ ಹಾಕಿದರು. ಕಳೆದುಕೊಂಡ ಸಣ್ಣ ಒಡೆಯರು, ಅದರಲ್ಲೂ ಹತ್ತು ಎಕರೆ ಗೇಣಿಗೆ ಕೊಟ್ಟು ಪಟ್ಟಣದಲ್ಲಿ ಮೇಷ್ಟರಾಗಿಯೋ ಗುಮಾಸ್ತರಾಗಿಯೋ ಇದ್ದವರು, ಕಾಂಗ್ರೆಸ್ಸಿನ ಮೇಲೆ ಮುನಿಸಿಕೊಂಡರು. ಆ ಮುನಿಸು ಜನಸಂಘದತ್ತ, ನಂತರ ಬಿಜೆಪಿಯತ್ತ ವಾಲಿತು. ಇಲ್ಲಿಯವರೆಗೆ ಕಥೆ ಸರಳ.

ಮುಂದಿನದು ಸ್ವಾರಸ್ಯ. ಡಿಕ್ಲರೇಷನ್ ಗೆದ್ದ ಗೇಣಿದಾರನ ಮಗ ಆ ಗದ್ದೆಯ ಒಂದು ಭಾಗಕ್ಕೆ ಅಡಿಕೆ ಇಟ್ಟ. ಎಂಟು–ಹತ್ತು ವರ್ಷದಲ್ಲಿ ತೋಟ ಫಲಕ್ಕೆ ಬಂತು. ಅಡಿಕೆ ಮಾರುವ ಸಹಕಾರ ಸಂಘ ಮ್ಯಾಮ್ಕೋಸ್‌ನಲ್ಲಿ ಷೇರುದಾರನಾದ, ಸೊಸೈಟಿಯಲ್ಲಿ ಸಾಲ ತೆಗೆದ, ಮಗಳನ್ನು ಕಾಲೇಜಿಗೆ ಕಳಿಸಿದ. ಈಗ ಅವನ ಚಿಂತೆ ಗೇಣಿಯಲ್ಲ; ರಾಶಿ ಇಡಿ ಅಡಿಕೆಯ ಧಾರಣೆ, ಎಲೆಚುಕ್ಕೆ ರೋಗ, ಆಳಿನ ಕೂಲಿ, ಅರಣ್ಯ ಇಲಾಖೆಯ ನೋಟಿಸು. ಅಂದರೆ ಅವನ ಹಿತಾಸಕ್ತಿ ಹಳೆಯ ಒಡೆಯನ ಮೊಮ್ಮಗನ ಹಿತಾಸಕ್ತಿಗೆ ಬಹಳ ಹತ್ತಿರ ಬಂತು. ಸಮಾಜವಾದಿಗಳ ಹೋರಾಟವೂ ಕಾಂಗ್ರೆಸ್ಸಿನ ಕಾಯ್ದೆಯೂ ಸೇರಿ ಸೃಷ್ಟಿಸಿದ ಈ ಸಣ್ಣ ತೋಟಗಾರನೇ 1990ರ ನಂತರ ಬಿಜೆಪಿ ಇಲ್ಲಿ ಬೆಳೆಯಲು ನೆಲವಾದ ಎಂದರೆ ಎರಡೂ ಕಡೆಯ ಹಿರಿಯರಿಗೆ ಸಿಟ್ಟು ಬರಬಹುದು. ಆದರೂ ನನಗೆ ತೋರುವುದು ಅದೇ.

ಬಿಜೆಪಿ ಕೂಡ ಇಲ್ಲಿ ಬರೀ ಮಂದಿರದ ಮಾತಿನಿಂದ ಬಂದದ್ದಲ್ಲ. ಬಿ.ಎಸ್. ಯಡಿಯೂರಪ್ಪನವರು ಶಿಕಾರಿಪುರದಲ್ಲಿ 1983ರಲ್ಲಿ ಮೊದಲ ಬಾರಿ ಗೆಲ್ಲುವಾಗ ಅವರ ಹೆಸರಿಗೆ ಅಂಟಿಕೊಂಡಿದ್ದು ಜೀತವಿಮುಕ್ತಿ ಮತ್ತು ಬಗರ್‌ಹುಕುಂ (ಮಂಜೂರಾತಿ ಇಲ್ಲದ ಸಾಗುವಳಿ) ಹೋರಾಟಗಳು. ಮತ್ತೆ ಜಮೀನೇ. ಇನ್ನೊಂದು ಕಡೆ ಎಸ್. ಬಂಗಾರಪ್ಪನವರು 1967ರಲ್ಲಿ ಸೊರಬದಿಂದ ಸಮಾಜವಾದಿಯಾಗಿ ಗೆದ್ದು, ಕಾಂಗ್ರೆಸ್ಸಿನ ಮುಖ್ಯಮಂತ್ರಿಯಾಗಿ, ಸ್ವಂತ ಪಕ್ಷಗಳನ್ನೂ ಕಟ್ಟಿದರು. ಶಿವಮೊಗ್ಗದಿಂದ ಲೋಕಸಭೆಗೆ ಅವರು ನಾಲ್ಕು ಬಾರಿ ಗೆದ್ದದ್ದು ನಾಲ್ಕು ಬೇರೆ ಬೇರೆ ಪಕ್ಷಗಳಿಂದ: 1996ರಲ್ಲಿ ಕರ್ನಾಟಕ ಕಾಂಗ್ರೆಸ್ ಪಕ್ಷ, 1999ರಲ್ಲಿ ಕಾಂಗ್ರೆಸ್, 2004ರಲ್ಲಿ ಬಿಜೆಪಿ, 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷ. ಚಿಹ್ನೆ ಬದಲಾದರೂ ಓಟು ಅವರ ಹಿಂದೆ ಹೋಯಿತು. ಹಾಗೆ ಹೋಗುವಾಗ 2004ರಲ್ಲಿ ದೀವರ ಕೇರಿಗಳಲ್ಲಿ ಎಷ್ಟೋ ಜನ ಮೊದಲ ಬಾರಿಗೆ ಕಮಲದ ಗುಂಡಿ ಒತ್ತಿದರು. ಮರುವರ್ಷ ಬಂಗಾರಪ್ಪ ಬಿಜೆಪಿ ಬಿಟ್ಟರು. ಅವರ ಹಿಂದೆ ಬಂದಿದ್ದವರಲ್ಲಿ ಎಲ್ಲರೂ ಹಿಂತಿರುಗಲಿಲ್ಲ. 2009ರಲ್ಲಿ ಅವರು ಬಿ.ವೈ. ರಾಘವೇಂದ್ರರ ಎದುರು ಸೋತರು.

ಇನ್ನು ಮೊದಲಿನ ಒಗಟಿಗೆ ಬರೋಣ. ವಿಧಾನಸಭೆಗೂ ಲೋಕಸಭೆಗೂ ಒಂದೇ ಮನೆ ಬೇರೆ ಬೇರೆಯಾಗಿ ಮತ ಹಾಕುವುದು ಕರ್ನಾಟಕದಲ್ಲಿ ಹಳೆಯ ಅಭ್ಯಾಸ. 1984ರ ಡಿಸೆಂಬರಿನಲ್ಲಿ ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್ಸಿಗೆ ಕೊಟ್ಟ ಮತದಾರ, ಮೂರೇ ತಿಂಗಳಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ವಿಧಾನಸಭೆಯಲ್ಲಿ ಸ್ಪಷ್ಟ ಬಹುಮತ ಕೊಟ್ಟ. ದೆಹಲಿಗೆ ಯಾರು, ಬೆಂಗಳೂರಿಗೆ ಯಾರು ಎಂದು ಬೇರೆ ಬೇರೆಯಾಗಿ ಯೋಚಿಸುವುದು ಎಲ್ಲ ಕಡೆಯೂ ಇದೆ. ಮಲೆನಾಡಿನಲ್ಲಿ ಅದರ ಜೊತೆಗೆ ಇನ್ನೊಂದು ಕಾರಣವಿದೆ, ಮತ್ತು ಹೊರಗಿನಿಂದ ಬರೆಯುವವರು ಅದನ್ನು ಗಮನಿಸುವುದು ಅಪರೂಪ.

ಬಗರ್‌ಹುಕುಂ ಎಂದರೆ ಸರ್ಕಾರಿ ಜಮೀನನ್ನು ಮಂಜೂರಾತಿ ಇಲ್ಲದೆ ಸಾಗುವಳಿ ಮಾಡುವುದು. ಅದನ್ನು ಸಕ್ರಮ ಮಾಡಿಕೊಡಿ ಎಂದು ಜನ ನಮೂನೆ 50, ಆಮೇಲೆ 53, ಆಮೇಲೆ 57ರಲ್ಲಿ ಅರ್ಜಿ ಹಾಕುತ್ತ ಬಂದಿದ್ದಾರೆ. ಮಲೆನಾಡಿನಲ್ಲಿ ತೋಟದ ಅಂಚಿನ ಅರ್ಧ ಎಕರೆಯೋ ಗುಡ್ಡದ ಬುಡದ ಒಂದು ಎಕರೆಯೋ ಹೀಗೆ ‘ಒತ್ತಿನ ಜಾಗ’ ಆಗಿರದ ಮನೆ ಹುಡುಕಿದರೂ ಸಿಗುವುದು ಕಷ್ಟ. ಆ ಅರ್ಜಿಗಳನ್ನು ವಿಲೇವಾರಿ ಮಾಡುವ ತಾಲ್ಲೂಕು ಸಮಿತಿಯ ಅಧ್ಯಕ್ಷರು ಕ್ಷೇತ್ರದ ಶಾಸಕರು; ತಹಶೀಲ್ದಾರರು ಅದರ ಕಾರ್ಯದರ್ಶಿ. ವಿಧಾನಸಭಾ ಚುನಾವಣೆಯಲ್ಲಿ ಜನ ಮತ ಹಾಕುವುದು ಒಂದು ಅರ್ಥದಲ್ಲಿ ತಮ್ಮ ಸಾಗುವಳಿ ಚೀಟಿಗೆ ಸಹಿ ಬೀಳುವ ಸಭೆಯ ಅಧ್ಯಕ್ಷರಿಗೆ. ಸಂಸದರಿಗೆ ಈ ಅಧಿಕಾರ ಇಲ್ಲ. ಹಾಗಾಗಿ ಲೋಕಸಭೆಗೆ ಮತ ಹಾಕುವಾಗ ಪ್ರಧಾನಿ, ದೇಶ, ಧರ್ಮ ಎಂದು ದೊಡ್ಡ ಸಂಗತಿಗಳ ಬಗ್ಗೆ ನಿರಾತಂಕವಾಗಿ ಯೋಚಿಸಬಹುದು. ವಿಧಾನಸಭೆಗೆ ಹಾಕುವಾಗ ಕಡತ ಕಣ್ಣ ಮುಂದೆ ಬರುತ್ತದೆ.

ಕಡತವಾದರೂ ಸುಲಭದ್ದಲ್ಲ. ಜಾಗ ಕಂದಾಯದ್ದೋ ಅರಣ್ಯದ್ದೋ ಎಂಬುದೇ ಮೊದಲ ಜಗಳ. ಕಾನು, ಸೊಪ್ಪಿನಬೆಟ್ಟ, ಗೋಮಾಳ, ಡೀಮ್ಡ್ ಫಾರೆಸ್ಟ್ ಎಂದು ಒಂದೊಂದಕ್ಕೂ ಒಂದೊಂದು ಕಾನೂನು. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಆಸೆ ಹುಟ್ಟಿತು. ಆದರೆ ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕಿಂತ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ವಾಸವಿದ್ದುದನ್ನು ತೋರಿಸಬೇಕು. 1930ರ ದಾಖಲೆಯನ್ನು ಕಾಡಂಚಿನ ಕೂಲಿಕಾರ ಎಲ್ಲಿಂದ ತರುತ್ತಾನೆ? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮನೆ–ಗದ್ದೆ ಮುಳುಗಿಸಿಕೊಂಡು ಕಾಡಿಗೆ ಬಂದ ಶರಾವತಿ ಸಂತ್ರಸ್ತರದ್ದು ಇನ್ನೂ ಕಠಿಣ ಸ್ಥಿತಿ. ನಾಡಿಗೆಲ್ಲ ದೀಪ ಕೊಟ್ಟವರ ಮೊಮ್ಮಕ್ಕಳು ಅರವತ್ತು ವರ್ಷದ ಮೇಲೂ ಹಕ್ಕುಪತ್ರ ಕೇಳುತ್ತಿದ್ದಾರೆ. ಅವರಿಗೆಂದು ಜಾಗವನ್ನು ಅರಣ್ಯದ ಪಟ್ಟಿಯಿಂದ ಬಿಡಿಸಲು ರಾಜ್ಯ ಸರ್ಕಾರ ಹೊರಡಿಸಿದ್ದ ಡಿನೋಟಿಫಿಕೇಷನ್ ಆದೇಶಗಳು, ಕೇಂದ್ರದ ಅನುಮತಿ ಇಲ್ಲವೆಂಬ ಕಾರಣಕ್ಕೆ, ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಪ್ರತಿ ಚುನಾವಣೆಯಲ್ಲೂ ಎಲ್ಲ ಪಕ್ಷದವರೂ ಈ ಭರವಸೆಯನ್ನು ಕೊಡುತ್ತಾರೆ. ಆಗಾಗ ಶಾಸಕರನ್ನು ಬದಲಿಸುವ ಮಲೆನಾಡಿನ ಚಟದ ಹಿಂದೆ ಈ ಬಾರದ ಕಾಗದದ ಸಿಟ್ಟು ಬಹಳ ಇದೆ.

ಜಾತಿಯ ಮಾತು ಎಲ್ಲಿ ಹೋಯಿತು ಎಂದು ಕೇಳಬಹುದು. ಜಾತಿ ಇದೆ, ಆದರೆ ಬೆಂಗಳೂರಿನಲ್ಲಿ ಕೂತು ಹಾಕುವ ಲೆಕ್ಕದಂತೆ ಇಲ್ಲ. ಸೊರಬದಲ್ಲಿ 2013, 2018, 2023ರಲ್ಲಿ ಎದುರಾಬದುರಾದವರು ಬಂಗಾರಪ್ಪನವರ ಇಬ್ಬರು ಗಂಡುಮಕ್ಕಳು, ಕುಮಾರ್ ಮತ್ತು ಮಧು. ಸಾಗರದಲ್ಲಿ ಕಾಗೋಡು ತಿಮ್ಮಪ್ಪ, ಬೇಳೂರು ಗೋಪಾಲಕೃಷ್ಣ, ಹರತಾಳು ಹಾಲಪ್ಪ ಮೂವರೂ ದೀವರು. ತೀರ್ಥಹಳ್ಳಿಯಲ್ಲಿ ಆರಗ ಜ್ಞಾನೇಂದ್ರ, ಕಿಮ್ಮನೆ ರತ್ನಾಕರ, ಆರ್.ಎಂ. ಮಂಜುನಾಥ ಗೌಡ ಮೂವರೂ ಒಕ್ಕಲಿಗರು. ಪಕ್ಕದ ಶೃಂಗೇರಿಯಲ್ಲೂ ಡಿ.ಎನ್. ಜೀವರಾಜ್ ಮತ್ತು ಟಿ.ಡಿ. ರಾಜೇಗೌಡರ ನಡುವೆ ಇದೇ ಕಥೆ. ಇಲ್ಲಿ ಜಾತಿ ಟಿಕೆಟ್ ಯಾರಿಗೆ ಎಂಬುದನ್ನು ನಿರ್ಧರಿಸುತ್ತದೆ; ಟಿಕೆಟ್ ಹಂಚಿಕೆ ಮುಗಿದ ಮೇಲೆ ದೊಡ್ಡ ಜಾತಿಯ ಓಟು ಎರಡೂ ಕಡೆ ಹಂಚಿಹೋಗುತ್ತದೆ. ಆಗ ಗೆಲುವು ಸಂಖ್ಯೆಯಲ್ಲಿ ಚಿಕ್ಕವರಾದ ಇತರರ ಕೈಗೆ ಬರುತ್ತದೆ: ಪಟ್ಟಣದ ಮುಸ್ಲಿಮರು, ದಲಿತ ಕಾಲೊನಿಯವರು, ಬ್ರಾಹ್ಮಣರು, ಲಿಂಗಾಯತರು, ಮಡಿವಾಳ, ವಿಶ್ವಕರ್ಮ ಮನೆಗಳವರು. ಪ್ರಚಾರದ ಕೊನೆಯ ವಾರ ಅಭ್ಯರ್ಥಿಗಳು ಸ್ವಜಾತಿಯವರ ಮನೆ ಬಿಟ್ಟು ಇವರ ಕೇರಿಗಳಲ್ಲೇ ಓಡಾಡುವುದು ಇದಕ್ಕಾಗಿ.

ತೀರ್ಥಹಳ್ಳಿಯ ಅಂಕಿಗಳನ್ನು ಸ್ವಲ್ಪ ಬಿಡಿಸಿ ನೋಡಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. 1994, 1999, 2004ರಲ್ಲಿ ಬಿಜೆಪಿಯ ಜ್ಞಾನೇಂದ್ರ ಗೆದ್ದರು. 2008, 2013ರಲ್ಲಿ ಕಾಂಗ್ರೆಸ್ಸಿನ ಕಿಮ್ಮನೆ. 2018, 2023ರಲ್ಲಿ ಮತ್ತೆ ಜ್ಞಾನೇಂದ್ರ. 2013ರಲ್ಲಿ ಯಡಿಯೂರಪ್ಪ ಬಿಜೆಪಿ ಬಿಟ್ಟು ಕರ್ನಾಟಕ ಜನತಾ ಪಕ್ಷ (ಕೆಜೆಪಿ) ಕಟ್ಟಿದ್ದರು. ಆ ಪಕ್ಷದಿಂದ ನಿಂತ ಮಂಜುನಾಥ ಗೌಡರೂ ಸೇರಿ ಮೂವರೂ 35 ಸಾವಿರದ ಆಸುಪಾಸಿನಲ್ಲಿ ಮತ ಪಡೆದರು. ಕಿಮ್ಮನೆ ಗೆದ್ದದ್ದು ಒಂದೂವರೆ ಸಾವಿರಕ್ಕಿಂತ ಕಡಿಮೆ ಅಂತರದಲ್ಲಿ. ಹುಟ್ಟಿ ಕೆಲವೇ ತಿಂಗಳಾದ ಪಕ್ಷಕ್ಕೆ ಇಷ್ಟು ಮತ ಎಲ್ಲಿಂದ ಬಂತು? ಮಂಜುನಾಥ ಗೌಡರು ಜಿಲ್ಲಾ ಕೇಂದ್ರ ಸಹಕಾರ (ಡಿಸಿಸಿ) ಬ್ಯಾಂಕಿನ ಅಧ್ಯಕ್ಷರಾಗಿದ್ದವರು. ಮಲೆನಾಡಿನಲ್ಲಿ ಸಹಕಾರ ಸಂಘವೆಂದರೆ ಬೆಳೆಸಾಲ, ಗೊಬ್ಬರ, ಅಡಿಕೆ ಮಾರಾಟ, ಕಷ್ಟಕಾಲದ ಮುಂಗಡ ಎಲ್ಲವೂ. ಸೊಸೈಟಿಯ ನಿರ್ದೇಶಕನಿಗೆ ಯಾರ ಮನೆಯಲ್ಲಿ ಮದುವೆ, ಯಾರ ಸಾಲ ಸುಸ್ತಿ, ಯಾರ ಕೊಳವೆಬಾವಿ ಬತ್ತಿದೆ ಎಂಬುದು ಪಕ್ಷದ ಬೂತ್ ಅಧ್ಯಕ್ಷನಿಗಿಂತ ಚೆನ್ನಾಗಿ ಗೊತ್ತಿರುತ್ತದೆ. 2018ರಲ್ಲಿ ಜೆಡಿಎಸ್‌ನಿಂದ ನಿಂತಾಗಲೂ ಅವರಿಗೆ ಸುಮಾರು 40 ಸಾವಿರ ಮತ ಬಂತು, ಕಿಮ್ಮನೆಯವರಿಗೆ ಸುಮಾರು 45 ಸಾವಿರ. ಮುಂದೆ ಇಬ್ಬರೂ ಕಾಂಗ್ರೆಸ್ಸಿನಲ್ಲೇ ಇದ್ದರು. ಕೂಡಿಸಿದರೆ 85 ಸಾವಿರ, ಗೆಲುವು ಖಚಿತ ಎಂದು ಹೊಟೇಲುಗಳಲ್ಲಿ ಲೆಕ್ಕ ಹಾಕಿದವರಿದ್ದರು. 2023ರಲ್ಲಿ ಕಾಂಗ್ರೆಸ್ ಅಭ್ಯರ್ಥಿ ಕಿಮ್ಮನೆಯವರಿಗೆ ಬಂದದ್ದು ಸುಮಾರು 72 ಸಾವಿರ. ಜ್ಞಾನೇಂದ್ರ 12 ಸಾವಿರದಷ್ಟು ಅಂತರದಲ್ಲಿ ಗೆದ್ದರು. ನಾಯಕರು ಕೈ ಹಿಡಿದುಕೊಂಡರೂ ಹಿಂಬಾಲಕರು ಹಿಡಿದುಕೊಳ್ಳುವುದಿಲ್ಲ. ಹತ್ತು ವರ್ಷ ಒಬ್ಬರ ವಿರುದ್ಧ ಮನೆ ಮನೆಗೆ ಚೀಟಿ ಹಂಚಿದ ಕಾರ್ಯಕರ್ತ, ಹನ್ನೊಂದನೆಯ ವರ್ಷ ಅದೇ ಮನೆಗಳಿಗೆ ಹೋಗಿ ಅವರಿಗೇ ಓಟು ಕೇಳಲು ನಾಚುತ್ತಾನೆ.

ಚಹಾದಂಗಡಿಯಲ್ಲಿ ಹೆಚ್ಚು ಸದ್ದು ಮಾಡುವ ವಿಷಯವೇ ಓಟನ್ನು ತಿರುಗಿಸುತ್ತದೆ ಎಂದೂ ತಿಳಿಯಬಾರದು. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಗಳನ್ನು ಗುರುತಿಸಿದ ಕಸ್ತೂರಿರಂಗನ್ ವರದಿಯ ಬಗ್ಗೆ ಮಲೆನಾಡಿನಲ್ಲಿ 2013ರಿಂದ ಆತಂಕ ಇದೆ. ಕೇಂದ್ರ ಸರ್ಕಾರ ಕರಡು ಅಧಿಸೂಚನೆಯನ್ನು ಮತ್ತೆ ಮತ್ತೆ ಹೊರಡಿಸಿದೆ, 2024ರ ಜುಲೈನಲ್ಲಿ ಬಂದದ್ದು ಆರನೆಯದು. ಆದರೆ ಇಲ್ಲಿನ ಯಾವ ಪ್ರಮುಖ ಅಭ್ಯರ್ಥಿಯೂ ವರದಿಯ ಪರ ಇಲ್ಲ. ಎಲ್ಲರೂ ವಿರೋಧಿಸಿದರೆ ಮತದಾರನಿಗೆ ಆಯ್ಕೆ ಉಳಿಯುವುದಿಲ್ಲ, ವಿಷಯ ಬರೀ ಭಾಷಣವಾಗುತ್ತದೆ. ಅಡಿಕೆಯದೂ ಬಹುಮಟ್ಟಿಗೆ ಹಾಗೆಯೇ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದಾಗ ಬಿಜೆಪಿ ಅದನ್ನು ಹೇಳಿಕೊಂಡಿತು, ಕಾಂಗ್ರೆಸ್ ಕಳ್ಳದಾರಿಯಲ್ಲಿ ಬರುವ ಅಡಿಕೆಯ ಮಾತೆತ್ತಿತು. ಅಡಿಕೆ ಬೇಡ ಎಂದವರು ಯಾರೂ ಇಲ್ಲ.

ಸರ್ಕಾರದ ಯೋಜನೆಗಳ ಪರಿಣಾಮವೂ ಎಲ್ಲ ಕಡೆ ಒಂದೇ ಅಲ್ಲ. ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಶುರುವಾಯಿತು, ಸರ್ಕಾರಿ ಬಸ್ಸುಗಳಲ್ಲಿ. ಮಲೆನಾಡಿನ ಒಳರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಬಯಲುಸೀಮೆಯ ಹೆಣ್ಣುಮಕ್ಕಳು ಅದನ್ನು ದಿನವೂ ಅನುಭವಿಸುವಾಗ, ಆಗುಂಬೆ ಕಡೆಯ ಹಳ್ಳಿಯವಳು ಟಿಕೆಟ್ ಹಣ ಕೊಟ್ಟೇ ಪೇಟೆಗೆ ಬರಬೇಕಾಗುತ್ತದೆ. ಗೃಹಲಕ್ಷ್ಮಿಯ ಎರಡು ಸಾವಿರ ಮಾತ್ರ ಎರಡೂ ಕಡೆಯವರ ಖಾತೆಗೆ ಬರುತ್ತದೆ. ಆದರೂ 2024ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಗೀತಾ ಶಿವರಾಜಕುಮಾರ್ ಎರಡು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು, ಅದೂ ಬಿಜೆಪಿಯಿಂದ ಬಂಡೆದ್ದ ಕೆ.ಎಸ್. ಈಶ್ವರಪ್ಪ ಪಕ್ಷೇತರರಾಗಿ ಕಣದಲ್ಲಿದ್ದಾಗ.

ಪೇಟೆ ಮತ್ತು ಹಳ್ಳಿಯ ನಡುವೆಯೂ ಗೆರೆ ಇದೆ. 2021ರ ಏಪ್ರಿಲ್‌ನಲ್ಲಿ ತೀರ್ಥಹಳ್ಳಿ ಪಟ್ಟಣ ಪಂಚಾಯಿತಿಯ 15 ವಾರ್ಡುಗಳಲ್ಲಿ ಒಂಬತ್ತು ಕಾಂಗ್ರೆಸ್ಸಿಗೆ ಬಂದವು, ಶಾಸಕರು ಬಿಜೆಪಿಯವರಾಗಿದ್ದಾಗಲೇ. ವಾರ್ಡಿನ ಓಟು ಚರಂಡಿ, ನಲ್ಲಿ, ಖಾತೆ, ಅಂಗಡಿ ಪರವಾನಗಿಯ ಓಟು. ಗ್ರಾಮ ಪಂಚಾಯಿತಿಯಲ್ಲಂತೂ ಕಾನೂನಿನ ಪ್ರಕಾರ ಪಕ್ಷದ ಚಿಹ್ನೆಯೇ ಇಲ್ಲ. ಅಲ್ಲಿ ಒಬ್ಬ ಅಭ್ಯರ್ಥಿಯ ಗೆಲುವು ಹತ್ತಿಪ್ಪತ್ತು ಮನೆಗಳ ಮಾತು. ಬಿಜೆಪಿ ಮನೆಯ ಸೊಸೆಗೆ ಕಾಂಗ್ರೆಸ್ ಮನೆಯವರು ಓಟು ಹಾಕುವುದು, ತವರಿನ ನಂಟಿನಿಂದಲೋ ಧರ್ಮಸ್ಥಳ ಸಂಘದ ಗೆಳೆತನದಿಂದಲೋ, ಸರ್ವೇಸಾಮಾನ್ಯ. ಗೆದ್ದ ಮೇಲೆ ಎರಡೂ ಪಕ್ಷದವರು ಇವರು ನಮ್ಮ ಬೆಂಬಲಿತರು ಎಂದು ಪತ್ರಿಕೆಗೆ ಪಟ್ಟಿ ಕೊಡುತ್ತಾರೆ. ಆ ಎರಡು ಪಟ್ಟಿಗಳನ್ನು ಕೂಡಿಸಿದರೆ ಒಟ್ಟು ಸ್ಥಾನಗಳಿಗಿಂತ ಹೆಚ್ಚಾಗುವುದೂ ಉಂಟು.

ಮತ ಗುಟ್ಟಾಗಿದೆಯೇ ಎಂಬುದು ಸಣ್ಣ ಊರಿನಲ್ಲಿ ಗಂಭೀರ ಪ್ರಶ್ನೆ. ಒಬ್ಬ ವ್ಯಕ್ತಿಯ ಮತ ಗುಟ್ಟೇ. ಬೂತಿನದು ಅಲ್ಲ. ಮತಪತ್ರಗಳ ಕಾಲದಲ್ಲಿ ಹಲವು ಬೂತುಗಳ ಚೀಟಿಗಳನ್ನು ಬೆರೆಸಿ ಎಣಿಸುತ್ತಿದ್ದರು. 2004ರಿಂದ ಎಲ್ಲ ಕಡೆ ಮತಯಂತ್ರ ಬಂದ ಮೇಲೆ ಯಂತ್ರ ಯಂತ್ರವನ್ನೇ ಎಣಿಸುವುದರಿಂದ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಎಂಬುದು ಬಯಲು. ಹಲವು ಯಂತ್ರಗಳ ಮತವನ್ನು ಒಟ್ಟಿಗೆ ಕೂಡಿಸಿ ತೋರಿಸುವ ‘ಟೋಟಲೈಸರ್’ ಉಪಕರಣ ಬಳಸೋಣ ಎಂದು ಚುನಾವಣಾ ಆಯೋಗವೇ ಹೇಳಿತ್ತು. ಅದು ಜಾರಿಗೆ ಬರಲಿಲ್ಲ. ಮಲೆನಾಡಿನಲ್ಲಿ ಮನೆಗಳು ಚದುರಿ ಇರುವುದರಿಂದ ಕೆಲವು ಬೂತುಗಳಲ್ಲಿ ಮತದಾರರೇ ನಾಲ್ಕೈದು ನೂರು. ಎಣಿಕೆ ಕೊಠಡಿಯಲ್ಲಿ ಜಾಲರಿಯ ಆಚೆ ಕೂತ ಏಜೆಂಟ್, ಯಂತ್ರ ತೋರಿಸಿದ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾನೆ. ಪಕ್ಕದಲ್ಲಿ ಆ ಬೂತಿನ ಮತದಾರರ ಪಟ್ಟಿ, ಮನೆಗೊಂದು ಗುರುತು. ಊರಿಗೆ ಮರಳುವಷ್ಟರಲ್ಲಿ ಯಾವ ಕೇರಿ ಕೈ ಕೊಟ್ಟಿತು ಎಂಬ ತೀರ್ಮಾನ ಆಗಿರುತ್ತದೆ. ಮುಂದಿನ ಐದು ವರ್ಷ ಆ ಕೇರಿಯ ರಸ್ತೆಗೆ ಜಲ್ಲಿ ಬೀಳುವುದು ತಡವಾದರೆ ಅದಕ್ಕೆ ಅನುದಾನದ ಕೊರತೆಯೊಂದೇ ಕಾರಣವಾಗಿರಬೇಕಿಲ್ಲ. ಅದಕ್ಕೇ ಜಾಣ ಕೇರಿಗಳು ಎರಡೂ ಕಡೆಗೆ ಒಬ್ಬೊಬ್ಬ ಮುಖಂಡನನ್ನು ಇಟ್ಟುಕೊಂಡಿರುತ್ತವೆ. ಶೃಂಗೇರಿಯಲ್ಲಿ 2023ರಲ್ಲಿ ಘೋಷಿತ ಅಂತರ 201 ಮತ. ಅಂತಹ ಕಡೆ ಒಂದು ಕೇರಿಯ ಮುನಿಸಿಗೂ ಬೆಲೆ ಇದೆ.

ತಮ್ಮ ಊರಿನ ಒಲವನ್ನು ತಾವೇ ನೋಡಬೇಕೆನ್ನುವವರಿಗೆ ಬೂತುವಾರು ಮತಗಳ ‘ನಮೂನೆ 20’ ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಸಿಗುತ್ತದೆ. 2023ರ ವಿಧಾನಸಭೆ ಮತ್ತು 2024ರ ಲೋಕಸಭೆಯ ಹಾಳೆಗಳನ್ನು ಅಕ್ಕಪಕ್ಕ ಇಟ್ಟು, ಎರಡರಲ್ಲೂ ಒಂದೇ ಪಕ್ಷಕ್ಕೆ ಹೋದ ಬೂತುಗಳನ್ನು ಮೊದಲು ಬದಿಗಿಡಿ. ಉಳಿದ, ಅಂದರೆ ಹೊರಳಿದ, ಬೂತುಗಳಲ್ಲಿ ಬಗರ್‌ಹುಕುಂ ಅರ್ಜಿ ಎಷ್ಟು ಬಾಕಿ ಇವೆ ಎಂದು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಬೂತಿನ ಸಂಖ್ಯೆ ಆಗಾಗ ಬದಲಾಗುತ್ತದೆ, ಹಾಗಾಗಿ ಶಾಲೆಯ ಹೆಸರು ನೋಡಿ ಹೊಂದಿಸಿಕೊಳ್ಳಬೇಕು. 2008ಕ್ಕಿಂತ ಹಿಂದಿನ ಅಂಕಿಗಳನ್ನು ಮಾತ್ರ ಇದರ ಜೊತೆ ಸೇರಿಸಲಾಗದು: ಆ ವರ್ಷದ ಕ್ಷೇತ್ರ ಮರುವಿಂಗಡಣೆಯಲ್ಲಿ ಹೊಸನಗರ ಕ್ಷೇತ್ರವೇ ಇಲ್ಲವಾಗಿ, ಅದರ ಒಂದು ಭಾಗ ಸಾಗರಕ್ಕೂ ಇನ್ನೊಂದು ತೀರ್ಥಹಳ್ಳಿಗೂ ಹೋಗಿದೆ.